ಎರಡು ಬಿಳಿ, ಎರಡು ಕೆಂಪು: ವಿಮಾನ ಇಳಿಸುವ ಕಣ್ಣಿನ ಚರಿತ್ರೆ

ಆಕಾಶದಿಂದ ನೆಲಕ್ಕೆ ಬರುವ ವಿಮಾನವು ಕೊನೆಯ ಹತ್ತು ಹದಿನೈದು ಕಿಲೋಮೀಟರುಗಳಲ್ಲಿ ಹಿಡಿಯಬೇಕಾದ ಹಾದಿಗೆ ಅಂಚಿಲ್ಲ, ಮೈಲಿಗಲ್ಲಿಲ್ಲ, ಹಿಂದೆ ಹೋದವರ ಜಾಡೂ ಇಲ್ಲ. ಇಂದಿನ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ನೆಲದೊಂದಿಗೆ ಮೂರು ಡಿಗ್ರಿ ಕೋನ ಮಾಡುವ ಇಳಿಜಾರಿನಲ್ಲಿ ಬರುತ್ತವೆ. ಅಂದರೆ ನೂರು ಮೀಟರು ಮುಂದೆ ಸಾಗುವಷ್ಟರಲ್ಲಿ ಐದು ಮೀಟರಿಗಿಂತ ತುಸು ಹೆಚ್ಚು ಕೆಳಗಿಳಿಯುತ್ತವೆ. ಈ ಲೆಕ್ಕದಲ್ಲಿ ನೆಲ ಮುಟ್ಟಬೇಕಾದ ಜಾಗದಿಂದ ಹತ್ತು ಕಿಲೋಮೀಟರು ದೂರದಲ್ಲಿ ವಿಮಾನ ಸುಮಾರು 520 ಮೀಟರು ಎತ್ತರದಲ್ಲಿರಬೇಕು, ಒಂದು ಕಿಲೋಮೀಟರು ದೂರದಲ್ಲಿ 52 ಮೀಟರು. ಇಳಿಜಾರು ಇಷ್ಟು ಸೌಮ್ಯವಾಗಿರುವುದರಿಂದ ಅರ್ಧ ಡಿಗ್ರಿಯ ತಪ್ಪು ಕಣ್ಣಿಗೆ ತಪ್ಪೆಂದೇ ತೋರುವುದಿಲ್ಲ. ಆದರೆ ಐದು ಕಿಲೋಮೀಟರು ದೂರದಲ್ಲಿ ಅದೇ ಅರ್ಧ ಡಿಗ್ರಿ ನಲವತ್ತಕ್ಕೂ ಹೆಚ್ಚು ಮೀಟರುಗಳ ವ್ಯತ್ಯಾಸವಾಗಿ, ಹಾದಿಯಲ್ಲಿ ಒಂದು ಗುಡ್ಡವೋ ಗೋಪುರವೋ ಇದ್ದರೆ ಬದುಕು ಸಾವಿನ ಅಂತರವಾಗುತ್ತದೆ. ಕಾಣದ ಈ ಹಾದಿಯನ್ನು ಪೈಲಟ್‌ಗಳು ಕಣ್ಣಳತೆಯಿಂದಲೇ ಹಿಡಿಯಲು ಹೇಗೆ ಕಲಿತರು, ಆ ಕಣ್ಣಳತೆ ಎಲ್ಲೆಲ್ಲಿ ಕೈಕೊಟ್ಟಿತು, ಕೈಕೊಟ್ಟಾಗ ನೆಲದ ಮೇಲಿನವರು ಏನನ್ನು ಕಟ್ಟಿ ನಿಲ್ಲಿಸಿದರು ಎಂಬುದು ವಿಮಾನಯಾನದ ಚರಿತ್ರೆಯಲ್ಲಿ ಎಂಜಿನ್ನು ರೆಕ್ಕೆಗಳ ಕಥೆಯಷ್ಟೇ ಮುಖ್ಯವಾದದ್ದು, ಆದರೂ ಅದರಷ್ಟು ಗಮನ ಪಡೆಯದೆ ಉಳಿದದ್ದು.

ಮೊದಲ ಎರಡು ಮೂರು ದಶಕಗಳಲ್ಲಿ ಇಳಿಯುವ ಜಾಗವೆಂದರೆ ರಸ್ತೆಯಂತೆ ನೇರವಾದ ಪಟ್ಟಿಯಾಗಿರಲಿಲ್ಲ. ಎಲ್ಲ ದಿಕ್ಕಿಗೂ ತೆರೆದ ಹುಲ್ಲಿನ ಬಯಲಾಗಿತ್ತು. ಅಂದಿನ ಹಗುರ ವಿಮಾನಗಳು ಅಡ್ಡಗಾಳಿಯನ್ನು ತಾಳುತ್ತಿರಲಿಲ್ಲವಾದ್ದರಿಂದ, ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಗೇ ಮುಖಮಾಡಿ ಇಳಿಯಬೇಕಿತ್ತು. ಬಯಲಿನ ಅಂಚಿನ ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ ಅಥವಾ ಹೊಗೆ ಆ ದಿಕ್ಕನ್ನು ತೋರಿಸುತ್ತಿತ್ತು. ಎಂಜಿನ್ನುಗಳನ್ನು ನಂಬುವಂತಿರಲಿಲ್ಲವಾಗಿ, ಬಯಲಿನ ಹತ್ತಿರ ಬಂದೊಡನೆ ಎಂಜಿನ್ನಿನ ಬಲವನ್ನು ಪೂರ್ತಿ ಇಳಿಸಿ, ಹದ್ದು ರೆಕ್ಕೆ ಬಡಿಯದೆ ಜಾರುವಂತೆ ಜಾರುತ್ತ ಬರುವುದು ರೂಢಿಯಾಗಿತ್ತು. ಎತ್ತರ ಕಡಿಮೆಯಾಯಿತೆಂದು ತಡವಾಗಿ ತಿಳಿದರೆ ಸರಿಪಡಿಸುವುದು ಕಷ್ಟವೆಂದು ಬೇಕೆಂದೇ ತುಸು ಎತ್ತರದಲ್ಲಿ ಬಂದು, ಮಿಕ್ಕ ಎತ್ತರವನ್ನು ವಿಮಾನವನ್ನು ಪಕ್ಕಕ್ಕೆ ಜಾರಿಸಿ ಕಳೆಯುತ್ತಿದ್ದರು. ಈ ಜಾರಾಟಕ್ಕೆ ಇಂತಿಷ್ಟೇ ಡಿಗ್ರಿಯೆಂಬ ನಿಯಮವಿರಲಿಲ್ಲ. ವಿಮಾನದ ಭಾರ, ಗಾಳಿಯ ವೇಗ, ಚಾಲಕನ ಅಭ್ಯಾಸ ಇವು ಮೂರೂ ಸೇರಿ ಅದನ್ನು ಪ್ರತಿ ಸಲವೂ ಹೊಸದಾಗಿ ನಿರ್ಧರಿಸುತ್ತಿದ್ದವು.

ಕೊನೆಯ ಕ್ಷಣದ ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. ಬಾಲದ ಕೆಳಗೆ ಪುಟ್ಟ ಚಕ್ರವೋ ಊರುಗೋಲೋ ಇದ್ದ ಆ ವಿಮಾನಗಳು ನೆಲಮುಟ್ಟುವ ಹೊತ್ತಿಗೆ ಮೂತಿ ಮೇಲೆತ್ತುತ್ತಿದ್ದವಾದ್ದರಿಂದ ಮುಂದಿನ ನೋಟವೇ ಮರೆಯಾಗಿಬಿಡುತ್ತಿತ್ತು. ಪೈಲಟ್ ತೆರೆದ ಗೂಡಿನಿಂದ ತಲೆಯನ್ನು ಪಕ್ಕಕ್ಕೆ ಚಾಚಿ, ಎಂಜಿನ್ನೆಣ್ಣೆ ಸಿಡಿದ ಕನ್ನಡಕದಲ್ಲಿ ಎಡಗಡೆಯ ನೆಲವನ್ನು ನೋಡುತ್ತ ಎತ್ತರವನ್ನು ಅಂದಾಜು ಮಾಡಬೇಕಿತ್ತು. ಮೇಲಿನಿಂದ ಒಂದೇ ಹಸಿರು ಬಣ್ಣವಾಗಿ ಕಂಡ ಬಯಲು ಹತ್ತಿರ ಬಂದಂತೆ ಗರಿಗರಿಯಾಗಿ, ಹುಲ್ಲಿನ ಎಸಳುಗಳು ಬಿಡಿಬಿಡಿಯಾಗಿ ಕಾಣತೊಡಗಿ, ಆಮೇಲೆ ಪಕ್ಕದಲ್ಲಿ ಗೆರೆಗಳಾಗಿ ಹರಿಯತೊಡಗುವ ಆ ಬದಲಾವಣೆಯೇ ಅವರಿಗಿದ್ದ ಅಳತೆಗೋಲು. ನೆಲದ ಈ ಒರಟುತನ ಎಷ್ಟು ಅಗತ್ಯವೆಂಬುದು ನೀರಿನ ಮೇಲೆ ಇಳಿಯುವ ವಿಮಾನಗಳ ಚಾಲಕರಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿಯಿಲ್ಲದ ದಿನ ಕನ್ನಡಿಯಂತೆ ನಿಂತ ಕೆರೆಯ ಮೇಲೆ ಎತ್ತರ ತಿಳಿಯುವುದೇ ಇಲ್ಲವಾದ್ದರಿಂದ, ದಡದ ಪಕ್ಕಕ್ಕೇ ಇಳಿಯುವುದು ಅಥವಾ ಮೊದಲು ದೋಣಿ ಓಡಿಸಿ ತೆರೆ ಎಬ್ಬಿಸುವುದು ಅಲ್ಲಿನ ಪದ್ಧತಿಯಾಯಿತು.

ಭಾರತದ ನಾಗರಿಕ ವಿಮಾನಯಾನವೂ ಇಂಥ ಬಯಲುಗಳ ಮೇಲೆಯೇ ಹುಟ್ಟಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಅಂಚೆ ತಂದಿಳಿಸಿದಾಗ, ಆ ಅಂಚೆಯನ್ನು ಮುಂದಕ್ಕೆ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದವರು ಅವರ ಸಹವರ್ತಿ ನೆವಿಲ್ ವಿನ್ಸೆಂಟ್. ಸಮುದ್ರದಂಚಿನ ತಗ್ಗು ನೆಲವಾದ ಜುಹು ಮಳೆಗಾಲದಲ್ಲಿ ಕೆಸರಾಗಿ ಬಳಕೆಗೆ ಬಾರದಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಗೆ ಹೋಗಬೇಕಾಗುತ್ತಿತ್ತು. ಬಳ್ಳಾರಿಯ ಬಿಸಿಲ ಬಯಲಿಗೆ ಬಂದಿಳಿದ ಆ ವಿಮಾನಕ್ಕೆ ನೆಲದಿಂದ ದಾರಿ ತೋರುವ ರೇಡಿಯೊ ಇರಲಿಲ್ಲ. ಇದ್ದದ್ದು ಚಾಲಕನ ಕಣ್ಣು ಮತ್ತು ಅವನಿಗೆ ರೂಢಿಯಾಗಿದ್ದ ನೆಲದ ನೋಟ.

ಹಾಗಾದರೆ ಆ ಕಣ್ಣು ನೋಡುತ್ತಿದ್ದುದೇನನ್ನು? ಬಹುಕಾಲ ಇದಕ್ಕೆ ಕೊಡುತ್ತಿದ್ದ ಉತ್ತರ ತಪ್ಪಾಗಿತ್ತು. ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುವುದರಿಂದ ಮಿದುಳಿಗೆ ದೂರದ ಅರಿವಾಗುತ್ತದೆ, ಆದ್ದರಿಂದ ಒಳ್ಳೆಯ ಪೈಲಟ್‌ಗೆ ಈ ಜೋಡಿಗಣ್ಣಿನ ಶಕ್ತಿ ಚುರುಕಾಗಿರಬೇಕು ಎಂದು ನಂಬಿ, ಸೇನೆಗಳು ಅಭ್ಯರ್ಥಿಗಳನ್ನು ಆ ಪರೀಕ್ಷೆಗೆ ಒಡ್ಡುತ್ತಿದ್ದವು. ಆದರೆ 1926ರಲ್ಲಿ ತೈಲಬಾವಿಯ ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡ ಅಮೆರಿಕದ ವೈಲಿ ಪೋಸ್ಟ್ ಅದಾದ ಮೇಲೆಯೇ ಪೈಲಟ್ ಆಗಿ ಹೆಸರು ಮಾಡಿ, 1933ರ ಜುಲೈನಲ್ಲಿ ಒಬ್ಬಂಟಿಯಾಗಿ ಎಂಟು ದಿನಗಳಿಗೂ ಕಡಿಮೆ ಅವಧಿಯಲ್ಲಿ ಭೂಮಿಯನ್ನು ಸುತ್ತಿ ಬಂದರು. ದಾರಿಯುದ್ದಕ್ಕೂ ಹಲವು ನೆಲೆಗಳಲ್ಲಿ ಆ ಒಂದೇ ಕಣ್ಣಿನಿಂದ ಇಳಿದರು. ಜೋಡಿಗಣ್ಣಿನ ಲಾಭ ಕೆಲವು ನೂರು ಮೀಟರುಗಳ ಆಚೆಗೆ ನಿಲ್ಲುವುದಿಲ್ಲ, ಇಳಿಯುವ ನಿರ್ಧಾರಗಳಾದರೋ ಕಿಲೋಮೀಟರುಗಳ ದೂರದಲ್ಲಿ ಆಗುತ್ತವೆ ಎಂಬ ಸರಳ ಸಂಗತಿಯನ್ನು ಪೋಸ್ಟರ ಹಾರಾಟವೇ ಸಾಕ್ಷಿಸಮೇತ ತೋರಿಸಿತ್ತು.

ಇದಕ್ಕೆ ಶಾಸ್ತ್ರದ ರೂಪ ಕೊಟ್ಟವರು ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಾಯುಪಡೆಗಾಗಿ ಪೈಲಟ್‌ಗಳ ಆಯ್ಕೆಯ ಪರೀಕ್ಷೆಗಳನ್ನು ರೂಪಿಸುತ್ತಿದ್ದ ಅವರಿಗೆ, ಕುರ್ಚಿಯಲ್ಲಿ ಕೂರಿಸಿ ನಡೆಸುವ ದೃಷ್ಟಿಪರೀಕ್ಷೆಗೂ ಹಾರಾಟದಲ್ಲಿ ಬೇಕಾದ ನೋಟಕ್ಕೂ ಹೆಚ್ಚಿನ ಸಂಬಂಧವಿಲ್ಲವೆಂದು ಮನದಟ್ಟಾಯಿತು. ಅವರು ಚಲನಚಿತ್ರಗಳನ್ನು ಬಳಸಿ ಪರೀಕ್ಷೆಗಳನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ, 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚಲಿಸುವವನ ಕಣ್ಣಿಗೆ ಜಗತ್ತು ನಿಂತ ಚಿತ್ರವಾಗಿ ಅಲ್ಲ, ಹರಿಯುವ ಹೊನಲಾಗಿ ಬರುತ್ತದೆ ಎಂದು ವಾದಿಸಿದರು. ವಿಮಾನ ನೇರವಾಗಿ ಒಂದು ಜಾಗದತ್ತ ಸಾಗುತ್ತಿದ್ದರೆ ಆ ಜಾಗವೊಂದು ಮಾತ್ರ ನಿಶ್ಚಲವಾಗಿದ್ದು, ಅದರ ಸುತ್ತಲಿನದೆಲ್ಲವೂ ಅದರಿಂದ ಹೊರಕ್ಕೆ ಅರಳುತ್ತ ಸರಿಯುತ್ತದೆ: ಆಚೆಗಿರುವುದು ಮೇಲಕ್ಕೆ, ಈಚೆಗಿರುವುದು ಕೆಳಕ್ಕೆ, ಅಕ್ಕಪಕ್ಕದವು ಬದಿಗಳಿಗೆ. ಆ ನಿಶ್ಚಲ ಬಿಂದುವೇ ವಿಮಾನ ಹೋಗಿ ಮುಟ್ಟುವ ಜಾಗ. ಪಂಡಿತರಲ್ಲದ ಪೈಲಟ್‌ಗಳಿಗೂ ಇದು ಅನುಭವದಿಂದ ತಿಳಿದಿತ್ತು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವುಲ್ಫ್‌ಗ್ಯಾಂಗ್ ಲಾಂಗವೀಶೆ 1944ರಲ್ಲಿ ಬರೆದು, ಇಂದಿಗೂ ಹಾರಾಟ ಕಲಿಯುವವರು ಓದುವ ಪುಸ್ತಕದಲ್ಲಿ, ದಿಗಂತದಿಂದ ಎಷ್ಟು ಕೆಳಗೆ ಒಂದು ಜಾಗ ಕಾಣುತ್ತದೆಯೋ ಆ ಅಂತರ ಬದಲಾಗದೆ ಉಳಿದರೆ ವಿಮಾನ ಅಲ್ಲಿಗೇ ಇಳಿಯುತ್ತದೆ ಎಂದು ಸಾಮಾನ್ಯ ಮಾತಿನಲ್ಲಿ ವಿವರಿಸಿದ್ದರು. ಮುಟ್ಟಬೇಕಾದ ಜಾಗ ಮುಂಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ವಿಮಾನ ಅದಕ್ಕಿಂತ ಈಚೆಗೇ ನೆಲಕ್ಕೆ ಬೀಳಲಿದೆ. ಕೆಳಕ್ಕೆ ಸರಿಯುತ್ತಿದ್ದರೆ ಅದನ್ನು ದಾಟಿ ಹೋಗಲಿದೆ. ಆದರೆ ಈ ನಿಶ್ಚಲ ಬಿಂದು ದಿಕ್ಕನ್ನು ಹೇಳುತ್ತದೆಯೇ ಹೊರತು ಆ ದಿಕ್ಕು ಎಷ್ಟು ಕಡಿದಾಗಿದೆ ಎಂಬುದನ್ನು ಹೇಳುವುದಿಲ್ಲ. ಎರಡು ಡಿಗ್ರಿಯಲ್ಲಿ ಬರುವವನಿಗೂ ನಾಲ್ಕು ಡಿಗ್ರಿಯಲ್ಲಿ ಬರುವವನಿಗೂ ಗುರಿ ಒಂದೇ ರೀತಿ ನಿಶ್ಚಲವಾಗಿರುತ್ತದೆ, ಮತ್ತು ಮುಂದಿನ ಅರ್ಧ ಶತಮಾನದ ತೊಡಕುಗಳೆಲ್ಲ ಹುಟ್ಟಿದ್ದು ಈ ಕೊರತೆಯಿಂದ.

ವಿಮಾನಗಳು ಭಾರವಾಗಿ ಬಯಲುಗಳು ಸಾಲದಾದಾಗ ಬಂದ ಗಟ್ಟಿ ರನ್‌ವೇ ಕಣ್ಣಿಗೊಂದು ಹೊಸ ಆಕೃತಿಯನ್ನು ಕೊಟ್ಟಿತು. ದೂರದಿಂದ ನೋಡಿದರೆ ಆಯತಾಕಾರದ ಆ ಪಟ್ಟಿ ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗಿ ಕಾಣುತ್ತದೆ. ಎತ್ತರ ಹೆಚ್ಚಿದ್ದರೆ ಉದ್ದವಾಗಿ ನಿಲ್ಲುತ್ತದೆ, ಕಡಿಮೆಯಿದ್ದರೆ ಚಪ್ಪಟೆಯಾಗಿ ಮಲಗುತ್ತದೆ. ಒಂದೇ ನಿಲ್ದಾಣಕ್ಕೆ ನೂರಾರು ಬಾರಿ ಇಳಿದ ಪೈಲಟ್‌ಗೆ ಸರಿಯಾದ ಆಕೃತಿ ಯಾವುದೆಂಬುದು ಮನಸ್ಸಿನಲ್ಲಿ ಅಚ್ಚೊತ್ತಿರುತ್ತದೆ, ಅವನು ಅರಿವಿಲ್ಲದೆಯೇ ಕಂಡದ್ದನ್ನು ಆ ಅಚ್ಚಿಗೆ ಹೊಂದಿಸುತ್ತಾನೆ. ಅಚ್ಚು ಬೇರೆ ಊರಿನದಾದಾಗಲೇ ಕೇಡು. ರೂಢಿಗಿಂತ ಕಿರಿದಾದ ರನ್‌ವೇ ದೂರವಿದ್ದಂತೆ, ಅಂದರೆ ತಾನು ಎತ್ತರದಲ್ಲಿದ್ದಂತೆ ತೋರಿ ಪೈಲಟ್‌ನನ್ನು ಕೆಳಕ್ಕೆ ಸೆಳೆಯುತ್ತದೆ. ಅಗಲವಾದದ್ದು ಮೇಲಕ್ಕೆ ತಳ್ಳುತ್ತದೆ. ಆಚೆ ತುದಿ ಏರಿರುವ ರನ್‌ವೇ ಇದ್ದುದಕ್ಕಿಂತ ಎತ್ತಿ ನಿಲ್ಲಿಸಿದಂತೆ ಕಂಡು, ಎತ್ತರ ಹೆಚ್ಚಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಆಚೆ ತುದಿ ತಗ್ಗಿದ್ದರೆ ಭ್ರಮೆ ತಿರುಗುಮುರುಗಾಗುತ್ತದೆ. ಮಂಗಳೂರಿನ ಬಜ್ಪೆಯಂತೆ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ, ಮೂರೂ ಕಡೆ ಕಣಿವೆಗೆ ಕುಸಿಯುವ ನಿಲ್ದಾಣಗಳಲ್ಲಿ, ಕಣ್ಣು ಎತ್ತರವನ್ನು ಕಣಿವೆಯ ತಳದಿಂದ ಅಳೆಯಬೇಕೋ ರನ್‌ವೇಯ ಮಟ್ಟದಿಂದ ಅಳೆಯಬೇಕೋ ಎಂಬ ಗೊಂದಲ ಸೇರಿಕೊಳ್ಳುತ್ತದೆ. ಈ ಯಾವ ಭ್ರಮೆಯೂ ಅನುಮಾನದ ರೂಪದಲ್ಲಿ ಬರುವುದಿಲ್ಲ. ಸರಿಯಾಗಿ ಕಾಣುತ್ತಿದೆ ಎಂಬ ಪೂರ್ಣ ನಂಬಿಕೆಯಾಗಿಯೇ ಬರುತ್ತದೆ.

ಹಗಲಿನಲ್ಲೇ ಇಷ್ಟಿರುವಾಗ ರಾತ್ರಿಯ ಸಮಸ್ಯೆ ಎಷ್ಟೆಂದು ಹೇಳಬೇಕಾಗಿಲ್ಲ. ಗಿಡಕ್ಕೆ ನೀರು ಹನಿಸುವ ಪಾತ್ರೆಯಂತೆ ಉದ್ದನೆಯ ಮೂತಿಯಿದ್ದ ತಗಡಿನ ಡಬ್ಬಿಗೆ ಸೀಮೆಎಣ್ಣೆ ತುಂಬಿ, ಮೂತಿಯಲ್ಲಿ ದಪ್ಪ ಬತ್ತಿ ಹಚ್ಚಿ ಸಾಲಾಗಿ ಇಟ್ಟ ದೀಪಗಳೇ ಬಹುಕಾಲದ ಏರ್ಪಾಡು. ಹೆಬ್ಬಾತಿನ ಕತ್ತನ್ನು ಹೋಲುವುದರಿಂದ ಇವಕ್ಕೆ ಗೂಸ್‌ನೆಕ್ ಎಂದು ಹೆಸರು. ಯುದ್ಧಕಾಲದಲ್ಲಿ ಶತ್ರುವಿನ ಕಣ್ಣಿಗೆ ಬೀಳದೆ ತಮ್ಮವರಿಗೆ ಮಾತ್ರ ಕಾಣಬೇಕಾದ ಅಗತ್ಯ ಬಂದಾಗ, ಸ್ಕಾಟ್ಲೆಂಡಿನ ಡ್ರೆಮ್ ವಾಯುನೆಲೆಯಲ್ಲಿ ಮರೆ ಹಾಕಿದ ವಿದ್ಯುದ್ದೀಪಗಳ ವ್ಯವಸ್ಥೆಯೊಂದು ರೂಪುಗೊಂಡು, ಅದೇ ಹೆಸರಿನಿಂದ ಬ್ರಿಟಿಷ್ ವಾಯುಪಡೆಯ ಇತರ ನೆಲೆಗಳಿಗೆ ಹರಡಿತು. ಮಂಜನ್ನು ಎದುರಿಸಲು 1943ರಿಂದ ರನ್‌ವೇಯ ಎರಡೂ ಬದಿಗೆ ಕೊಳವೆಗಳಲ್ಲಿ ಪೆಟ್ರೋಲು ಹರಿಸಿ ಉರಿಸಿ, ಆ ಬಿಸಿಗೆ ಮಂಜು ಕರಗುವಂತೆ ಮಾಡಿದ ದುಬಾರಿ ಸಾಹಸವೂ ಬ್ರಿಟನ್ನಿನಲ್ಲಿ ನಡೆಯಿತು.

ಆದರೆ ಬೆಳಕು ಹೆಚ್ಚಿದಷ್ಟಕ್ಕೆ ದಾರಿ ತಿಳಿಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದವರು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಇ. ಎಸ್. ಕಾಲ್ವರ್ಟ್. ಮೋಡದ ತಳದಿಂದ ಹೊರಬಿದ್ದ ಪೈಲಟ್‌ಗೆ ಕೆಲವೇ ಸೆಕೆಂಡುಗಳಲ್ಲಿ ತಿಳಿಯಬೇಕಾದದ್ದು ಎರಡು: ತಾನು ನಡುಗೆರೆಯಿಂದ ಪಕ್ಕಕ್ಕೆ ಸರಿದಿದ್ದೇನೆಯೇ, ಮತ್ತು ತನ್ನ ರೆಕ್ಕೆಗಳು ವಾಲಿವೆಯೇ. ರನ್‌ವೇಯ ಕಡೆಗೆ ಹೋಗುವ ಒಂದೇ ಸಾಲು ದೀಪಗಳಿದ್ದರೆ, ಪಕ್ಕಕ್ಕೆ ಸರಿದಾಗಲೂ ವಾಲಿದಾಗಲೂ ಆ ಸಾಲು ಒಂದೇ ರೀತಿ ಓರೆಯಾಗಿ ಕಾಣುವುದರಿಂದ, ವಾಲಿದವನು ಸರಿದೆನೆಂದು ತಿಳಿದು ಇನ್ನಷ್ಟು ವಾಲಿಸುವ ಅಪಾಯವಿತ್ತು. ಕಾಲ್ವರ್ಟ್ ಆ ಸಾಲಿಗೆ ನೂರೈವತ್ತು ಮೀಟರಿಗೊಂದರಂತೆ ಐದು ಅಡ್ಡಪಟ್ಟಿ ದೀಪಗಳನ್ನು ಸೇರಿಸಿದರು. ಅಡ್ಡಪಟ್ಟಿಯೆಂದರೆ ನೆಲಕ್ಕೆ ತಂದಿಟ್ಟ ದಿಗಂತ. ಅದು ಓರೆಯಾದರೆ ವಾಲಿರುವುದು ರೆಕ್ಕೆ, ಅದು ಮಟ್ಟಸವಾಗಿದ್ದು ಸಾಲು ಮಾತ್ರ ಓರೆಯಾದರೆ ಸರಿದಿರುವುದು ಹಾದಿ. ಒಂಬೈನೂರು ಮೀಟರು ಉದ್ದದ ಆ ಸಾಲಿನ ಹೊರಗಿನ ಮೂರನೆಯ ಒಂದು ಭಾಗದಲ್ಲಿ ದೀಪಗಳು ಮೂರು ಮೂರಾಗಿ, ನಡುವೆ ಎರಡೆರಡಾಗಿ, ರನ್‌ವೇ ಆರಂಭವಾಗುವ ಹೊಸ್ತಿಲಿನ ಹತ್ತಿರ ಒಂದೊಂದಾಗಿ ಇರುವುದರಿಂದ, ಎಷ್ಟು ದೂರ ಉಳಿದಿದೆ ಎಂಬುದನ್ನು ಎಣಿಸದೆಯೇ ತಿಳಿಯಬಹುದು. ಅಡ್ಡಪಟ್ಟಿಗಳ ಅಗಲ ಹೊರಗಿನಿಂದ ಒಳಕ್ಕೆ ಕಿರಿದಾಗುತ್ತ ಬಂದು, ಅವುಗಳ ತುದಿಗಳನ್ನು ಸೇರಿಸಿ ಗೆರೆ ಎಳೆದರೆ ಅವು ಹೊಸ್ತಿಲಿನಾಚೆ ಮುನ್ನೂರು ಮೀಟರಿನಲ್ಲಿ, ವಿಮಾನ ನೆಲಮುಟ್ಟಬೇಕಾದ ಆಸುಪಾಸಿನಲ್ಲೇ, ಕೂಡುತ್ತವೆ. ಯಂತ್ರದ ಯಾವ ನೆರವೂ ಇಲ್ಲದೆ, ಬರಿಯ ದೀಪಗಳ ಜೋಡಣೆಯಲ್ಲಿ ಇಷ್ಟು ಅರ್ಥವನ್ನು ಅಡಕಗೊಳಿಸಿದ ಈ ವಿನ್ಯಾಸವನ್ನು ಇಪ್ಪತ್ತನೆಯ ಶತಮಾನದ ಉತ್ತಮ ಲಿಪಿಗಳಲ್ಲೊಂದು ಎಂದು ಕರೆಯಬಹುದು; ಹೀಥ್ರೂವಿನಲ್ಲಿ ನೆಲೆಗೊಂಡ ಅದು ಅಂತಾರಾಷ್ಟ್ರೀಯ ಮಾನದಂಡಗಳಲ್ಲೂ ಸೇರಿತು.

ಎಡಬಲ ಮತ್ತು ವಾಲುವಿಕೆ ಹೀಗೆ ಬಗೆಹರಿದರೂ ಇಳಿಜಾರಿನ ಪ್ರಶ್ನೆ ಉಳಿದೇ ಇತ್ತು. ಅದರ ಒತ್ತಡ ಮೊದಲು ತೀವ್ರವಾದದ್ದು ಸಮುದ್ರದ ಮೇಲೆ. ಯುದ್ಧವಿಮಾನಗಳನ್ನು ಹೊತ್ತೊಯ್ಯುವ ಹಡಗುಗಳಲ್ಲಿ, ಎರಡು ಕೈಗಳಲ್ಲಿ ಬಣ್ಣದ ಹಲಗೆ ಹಿಡಿದ ಅಧಿಕಾರಿಯೊಬ್ಬ ಅಟ್ಟದ ಹಿಂಬದಿಯಲ್ಲಿ ನಿಂತು, ಬರುವ ವಿಮಾನ ಎತ್ತರವಿದೆಯೇ ತಗ್ಗಿದೆಯೇ ಎಂದು ಕೈಸನ್ನೆಯಿಂದ ತಿಳಿಸುತ್ತಿದ್ದ. ಜೆಟ್ ವಿಮಾನಗಳು ಬಂದಾಗ ಈ ಪದ್ಧತಿ ಕುಸಿಯತೊಡಗಿತು. ಅವುಗಳ ವೇಗದಲ್ಲಿ ಅಧಿಕಾರಿ ಕಂಡು ಸನ್ನೆ ಮಾಡಿ ಪೈಲಟ್ ಅದನ್ನು ಓದಿ ಕೈಯಾಡಿಸುವಷ್ಟು ಹೊತ್ತು ಉಳಿಯುತ್ತಿರಲಿಲ್ಲ, ಮೇಲಾಗಿ ಆ ಕಾಲದ ಜೆಟ್ ಎಂಜಿನ್ನುಗಳು ಬಲ ಕೇಳಿದ ಕೂಡಲೇ ಕೊಡುತ್ತಿರಲಿಲ್ಲ. ಬ್ರಿಟಿಷ್ ನೌಕಾಪಡೆಯ ನಿಕೊಲಸ್ ಗುಡ್‌ಹಾರ್ಟ್ 1951ರಲ್ಲಿ ಇದಕ್ಕೆ ಕನ್ನಡಿಯ ಉಪಾಯ ಕಂಡುಕೊಂಡರು. ಅದನ್ನು ಕಚೇರಿಯಲ್ಲಿ ಪರೀಕ್ಷಿಸಲು ಅವರು ಮೇಜಿನ ಮೇಲೆ ಪುಟ್ಟ ಕೈಗನ್ನಡಿ ಇಟ್ಟು, ಅದರ ಮೇಲೆ ತುಟಿಬಣ್ಣದಿಂದ ಅಡ್ಡಗೆರೆ ಎಳೆದು, ಅದರತ್ತ ಟಾರ್ಚಿನ ಬೆಳಕು ಬಿಟ್ಟು, ಆ ಬೆಳಕಿನ ಚುಕ್ಕೆ ಗೆರೆಯ ಮೇಲೆಯೇ ಇರುವಂತೆ ನೋಡಿಕೊಂಡು ಮುಂದೆ ಬರಲು ತಮ್ಮ ಕಾರ್ಯದರ್ಶಿನಿಗೆ ಹೇಳಿದರೆಂದೂ, ಆಕೆ ಹಾಗೆಯೇ ಬರುತ್ತ ಬರುತ್ತ ಬಗ್ಗಿ ಕೊನೆಗೆ ಗಲ್ಲ ಮೇಜಿಗೆ ತಾಗಿಸಿದರೆಂದೂ ನೌಕಾಪಡೆಯ ವಲಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಡಗಿನಲ್ಲಿ ಆ ಗೆರೆಯ ಸ್ಥಾನವನ್ನು ಕನ್ನಡಿಯ ಎರಡೂ ಬದಿಯ ಹಸಿರು ದೀಪಗಳ ಸಾಲು ಪಡೆಯಿತು. ಕನ್ನಡಿಯಲ್ಲಿ ಕಾಣುವ ಬೆಳಕಿನ ಚೆಂಡು ಸಾಲಿಗಿಂತ ಮೇಲಿದ್ದರೆ ವಿಮಾನ ಎತ್ತರದಲ್ಲಿದೆ, ಕೆಳಗಿದ್ದರೆ ತಗ್ಗಿನಲ್ಲಿದೆ. ಹಡಗು ಅಲೆಗೆ ಏಳುಬೀಳಾಡಿದರೂ ಬೆಳಕಿನ ಹಾದಿ ಅಲುಗದಂತೆ ಗಿರಕಿಯಂತ್ರದಿಂದ ಕನ್ನಡಿಯನ್ನು ಸ್ಥಿರಗೊಳಿಸಲಾಯಿತು. 1952ರಲ್ಲಿ ಪ್ರಯೋಗ ನಡೆದು, ದಶಕ ಮುಗಿಯುವುದರೊಳಗೆ ಬ್ರಿಟನ್ ಅಮೆರಿಕಗಳ ಹಡಗುಗಳಲ್ಲಿ ಇದು ನೆಲೆಯೂರಿತು. ಆ ಪೀಳಿಗೆಯ ಸುಧಾರಣೆಗಳೊಂದಿಗೆ ಪೂರ್ಣಗೊಂಡು 1961ರಲ್ಲಿ ಭಾರತದ ನೌಕಾಪಡೆ ಸೇರಿದ ವಿಕ್ರಾಂತ್ ಹಡಗಿನ ಮೇಲೆ, ಮುಂದೆ ನೌಕಾಪಡೆಯ ಮುಖ್ಯಸ್ಥರಾದ ಆರ್. ಎಚ್. ತಹಿಲಿಯಾನಿ ಅವರು ಅದೇ ವರ್ಷದ ಮೇ ತಿಂಗಳಲ್ಲಿ ಮೊದಲ ಜೆಟ್ ವಿಮಾನ ಇಳಿಸಿದರು.

ನೆಲದ ನಿಲ್ದಾಣಗಳಲ್ಲಿ ಬಣ್ಣದಿಂದ ಎತ್ತರ ಹೇಳುವ ಯತ್ನ ಯುದ್ಧಕಾಲದಲ್ಲೇ ಇತ್ತು. ಒಂದೇ ದೀಪ ಮೇಲಿನವನಿಗೆ ಹಳದಿಯಾಗಿ, ಸರಿಯಾದ ಹಾದಿಯಲ್ಲಿರುವವನಿಗೆ ಹಸಿರಾಗಿ, ತಗ್ಗಿನವನಿಗೆ ಕೆಂಪಾಗಿ ಕಾಣುವಂತೆ ಮಾಡಿದ್ದರು. ಆದರೆ ಮಬ್ಬಿನಲ್ಲಿ ಹಳದಿ ಕೆಂಪಿಗೆ ತಿರುಗುತ್ತದೆ. ಎತ್ತರದ ಸೂಚನೆ ಅಪಾಯದ ಸೂಚನೆಯೊಂದಿಗೆ ಬೆರೆಯುತ್ತದೆ. ಫಾರ್ನ್‌ಬರೋದಲ್ಲಿ ಐವತ್ತರ ದಶಕದಲ್ಲಿ ರೂಪುಗೊಂಡು ಅರವತ್ತರ ದಶಕದಲ್ಲಿ ಲೋಕವ್ಯಾಪಿಯಾದ ವ್ಯಾಸಿ ಎಂಬ ವ್ಯವಸ್ಥೆ ಎರಡೇ ಬಣ್ಣಗಳನ್ನು ಉಳಿಸಿಕೊಂಡಿತು. ಪೆಟ್ಟಿಗೆಯೊಂದರ ಹಿಂಬದಿಯಲ್ಲಿ ದೀಪ, ಅದರ ಮುಂದೆ ಮೇಲರ್ಧಕ್ಕೆ ಕೆಂಪು ಗಾಜು, ಮುಂಬದಿಯಲ್ಲೊಂದು ಅಡ್ಡ ಸೀಳು. ಮೇಲರ್ಧದ ಕೆಂಪು ಬೆಳಕು ಸೀಳಿನ ಮೂಲಕ ಕೆಳಮುಖವಾಗಿ, ಕೆಳಗಿನ ಬಿಳಿ ಬೆಳಕು ಮೇಲ್ಮುಖವಾಗಿ ಹೋಗುವುದರಿಂದ ತಗ್ಗಿನವನಿಗೆ ಕೆಂಪೂ ಎತ್ತರದವನಿಗೆ ಬಿಳಿಯೂ ಕಾಣುತ್ತದೆ. ಇಂಥ ಪೆಟ್ಟಿಗೆಗಳ ಎರಡು ಸಾಲುಗಳನ್ನು ರನ್‌ವೇಯ ಉದ್ದಕ್ಕೆ ಒಂದರ ಮುಂದೊಂದು ಇಟ್ಟು, ಹತ್ತಿರದ್ದು ಬಿಳಿ ದೂರದ್ದು ಕೆಂಪು ಕಂಡರೆ ಹಾದಿ ಸರಿಯೆಂದು ಗೊತ್ತುಮಾಡಿದರು. ಕೊರತೆಗಳೂ ಇದ್ದವು: ಕೆಂಪು ಬಿಳಿಗಳ ನಡುವೆ ಅಗಲವಾದ ಗುಲಾಬಿ ಪಟ್ಟಿಯೊಂದು ಉಳಿಯುತ್ತಿತ್ತು, ಹಾದಿ ತಪ್ಪಿದೆಯೆಂದು ಅದು ಹೇಳುತ್ತಿತ್ತೇ ಹೊರತು ಎಷ್ಟು ತಪ್ಪಿದೆಯೆಂದು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಕಣ್ಣಿನ ವಂಚನೆಯ ಬಗೆಗಿನ ಬಹುಮುಖ್ಯ ಶೋಧವೊಂದು ಅಮೆರಿಕದಲ್ಲಿ ನಡೆಯಿತು. 1965ರ ಆಗಸ್ಟ್‌ನಿಂದ 1966ರ ಫೆಬ್ರುವರಿಯವರೆಗಿನ ಆರು ತಿಂಗಳಲ್ಲಿ ಹೊಸದಾಗಿ ಬಳಕೆಗೆ ಬಂದಿದ್ದ ಬೋಯಿಂಗ್ 727 ಮಾದರಿಯ ನಾಲ್ಕು ವಿಮಾನಗಳು ಕತ್ತಲಾದ ಮೇಲೆ ಇಳಿಯಲು ಬರುತ್ತಿದ್ದಾಗ ನಾಶವಾದವು. ಎಲ್ಲಕ್ಕೂ ಕಾರಣ ಒಂದೇ ಆಗಿರಲಿಲ್ಲವಾದರೂ, ರಾತ್ರಿಯ ನೋಟವನ್ನೇ ಪರೀಕ್ಷಿಸಬೇಕೆಂದು ಬೋಯಿಂಗ್ ಸಂಸ್ಥೆಯ ಮನೋವಿಜ್ಞಾನಿ ಕಾನ್ರಾಡ್ ಕ್ರಾಫ್ಟ್ ಹೊರಟರು. ದೀಪಗಳು ಮಿನುಗುವ ಪುಟ್ಟ ನಗರವೊಂದರ ಮಾದರಿ ಕಟ್ಟಿ, ಅದರ ಮುಂದೆ ನಿಲ್ದಾಣವಿಟ್ಟು, ನಿಲ್ದಾಣದ ಮುಂದಿನ ನೆಲವನ್ನು ಪೂರ್ತಿ ಕತ್ತಲಾಗಿ ಬಿಟ್ಟು, ಬೋಯಿಂಗ್‌ನ ಅನುಭವಿ ಬೋಧಕ ಪೈಲಟ್‌ಗಳನ್ನು ಎತ್ತರಮಾಪಕ ಕಾಣದಂತೆ ಕೃತಕ ಕಾಕ್‌ಪಿಟ್‌ನಲ್ಲಿ ಕೂರಿಸಿ, ಕಣ್ಣಂದಾಜಿನಿಂದ ಇಳಿಯಲು ಹೇಳಿದರು. ಇತರರಿಗೆ ಕಲಿಸುವವರೇ ಆಗಿದ್ದ ಅವರಲ್ಲಿ ಹೆಚ್ಚಿನವರು, ತಾವು ಸುರಕ್ಷಿತ ಎತ್ತರದಲ್ಲಿದ್ದೇವೆಂದು ನಂಬಿಯೇ, ಅಪಾಯಕರವಾಗಿ ತಗ್ಗಿ ಬಂದರು.

ಕ್ರಾಫ್ಟ್ ಕೊಟ್ಟ ವಿವರಣೆ ಪ್ರೌಢಶಾಲೆಯ ರೇಖಾಗಣಿತ ಓದಿದವರಿಗೆಲ್ಲ ನಿಲುಕುವಂಥದ್ದು. ಕತ್ತಲಲ್ಲಿ ಪೈಲಟ್‌ಗೆ ಆಸರೆಯಾಗಿ ಉಳಿಯುವುದು ನಗರದ ಹತ್ತಿರದ ಅಂಚಿಗೂ ದೂರದ ಅಂಚಿಗೂ ನಡುವೆ ಕಣ್ಣಿನಲ್ಲಿ ಉಂಟಾಗುವ ಕೋನವೊಂದೇ; ಹಾದಿ ಸರಿಯಿದ್ದರೆ ಆ ಕೋನ ಹತ್ತಿರವಾದಂತೆ ನಿಧಾನವಾಗಿ ಹೆಚ್ಚಬೇಕು, ಆದರೆ ಕಣ್ಣು ಅದು ಬದಲಾಗದೆ ಇರುವುದನ್ನೇ ಸರಿಯೆಂದು ಹಿಡಿಯುತ್ತದೆ. ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ ಎಂಬ ಪ್ರಮೇಯದ ಪ್ರಕಾರ, ನಗರದ ಎರಡು ಅಂಚುಗಳನ್ನು ಸೇರಿಸುವ ಗೆರೆಯನ್ನು ಜ್ಯಾ ಎಂದು ತೆಗೆದುಕೊಂಡರೆ, ಅದು ಒಂದೇ ಕೋನದಲ್ಲಿ ಕಾಣುವ ಜಾಗಗಳೆಲ್ಲ ಒಂದು ವೃತ್ತದ ಕಂಸದ ಮೇಲಿರುತ್ತವೆ. ಹಾಗಾಗಿ ಕೋನವನ್ನು ಬದಲಾಗದಂತೆ ಕಾಯುವ ಪೈಲಟ್ ನೇರ ಇಳಿಜಾರಿನಲ್ಲಿ ಬರುವುದಿಲ್ಲ. ಬಾಣಲೆಯ ಒಳಮೈಯಂತೆ ತಗ್ಗುವ ಕಂಸದಲ್ಲಿ ಬಂದು, ನಗರಕ್ಕೆ ಕಿಲೋಮೀಟರುಗಳ ಮುಂಚೆಯೇ ನೆಲದ ಹತ್ತಿರ ಸವರಿಕೊಂಡು ಸಾಗುತ್ತಾನೆ. ನಗರ ನಿಲ್ದಾಣದ ಹಿಂದೆ ಬೆಟ್ಟದ ಓರೆಯಂತೆ ಏರಿದ್ದರೆ ಜ್ಯಾವೇ ಓರೆಯಾಗಿ, ಕಂಸದ ಒಂದು ಭಾಗ ನಗರದ ಮುಂದಿನ ಕತ್ತಲಲ್ಲಿ ನೆಲದೊಳಗೇ ಹೋಗುತ್ತದೆ. ಲೆಕ್ಕದಲ್ಲಿ ಅದು ಗೆರೆಯಷ್ಟೆ. ನಿಜದಲ್ಲಿ ಸಮುದ್ರವೋ ಗುಡ್ಡವೋ ಆಗಿರುತ್ತದೆ. ಬೆಳಕಿಲ್ಲದ ನೆಲದ ಮೇಲಿಂದ ಬರುವಾಗಿನ ಈ ವಂಚನೆಗೆ ಪೈಲಟ್‌ಗಳು ಕಪ್ಪುರಂಧ್ರ ಎಂಬ ಹೆಸರಿಟ್ಟರು. ಅನುಭವ ಹೆಚ್ಚಿದರೆ ಕಣ್ಣು ಪಳಗುತ್ತದೆ ಎಂಬ ಹಳೆಯ ನಂಬಿಕೆಗೆ ಕ್ರಾಫ್ಟರ ಪ್ರಯೋಗ ಕೊಟ್ಟಷ್ಟು ದೊಡ್ಡ ಪೆಟ್ಟನ್ನು ಬೇರಾವುದೂ ಕೊಡಲಿಲ್ಲ. ಇಳಿಜಾರನ್ನು ತೋರುವ ದೀಪ ಅನನುಭವಿಗಳಿಗೆ ನೀಡುವ ನೆರವಲ್ಲ, ಎಲ್ಲರಿಗೂ ಬೇಕಾದ ಅಗತ್ಯ ಎಂಬುದಕ್ಕೆ ಅದು ಬಲವಾದ ಆಧಾರವಾಯಿತು.

ಇಂದು ಬೆಂಗಳೂರಿನಿಂದ ಬೆಳಗಾವಿಯವರೆಗೆ, ಜಗತ್ತಿನ ಬಹುತೇಕ ನಿಲ್ದಾಣಗಳಲ್ಲಿ ಕಾಣುವ ದೀಪಗಳು ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಬೆಡ್‌ಫರ್ಡ್‌ನಲ್ಲಿ ಟೋನಿ ಸ್ಮಿತ್ ಮತ್ತು ಡೇವಿಡ್ ಜಾನ್ಸನ್ ರೂಪಿಸಿದ ಪಾಪಿ ಎಂಬ ವ್ಯವಸ್ಥೆಯವು. ಕನ್ನಡದ ಕಿವಿಗೆ ಬೇರೆ ಅರ್ಥ ಕೊಡುವ ಈ ಹೆಸರು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದದ್ದು. ರನ್‌ವೇಯ ಎಡಬದಿಯಲ್ಲಿ, ಮೊಣಕಾಲೆತ್ತರದ ಕಾಲುಗಳ ಮೇಲೆ ನಾಲ್ಕು ಪೆಟ್ಟಿಗೆಗಳು ಒಂದೇ ಅಡ್ಡಸಾಲಿನಲ್ಲಿ ನಿಂತಿರುತ್ತವೆ. ವ್ಯಾಸಿಯ ಸೀಳಿನ ಜಾಗದಲ್ಲಿ ಇಲ್ಲಿ ಮಸೂರವಿದ್ದು, ಕೆಂಪು ಗಾಜಿನ ಅಂಚನ್ನೇ ಅದು ದೂರಕ್ಕೆ ಬಿಂಬಿಸುವುದರಿಂದ, ಕೆಂಪು ಬಿಳಿಯಾಗುವ ಗಡಿ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟು ತೆಳುವಾಗುತ್ತದೆ. ಐದು ಕಿಲೋಮೀಟರು ದೂರದಲ್ಲೂ ಆ ಗಡಿ ನಾಲ್ಕೈದು ಮೀಟರಿಗಿಂತ ದಪ್ಪವಿರುವುದಿಲ್ಲ. ನಾಲ್ಕು ಪೆಟ್ಟಿಗೆಗಳನ್ನು ಒಂದೊಂದು ಬೇರೆ ಕೋನಕ್ಕೆ ಕೂರಿಸಿರುತ್ತಾರೆ: ಮೂರು ಡಿಗ್ರಿಯ ಹಾದಿಗಾದರೆ ರನ್‌ವೇಯಿಂದ ಅತಿ ದೂರದ್ದು ಎರಡೂವರೆ ಡಿಗ್ರಿಗೆ, ಮುಂದಿನವು ಒಂದೊಂದು ಮೂರನೇ ಒಂದು ಡಿಗ್ರಿ ಹೆಚ್ಚಾಗುತ್ತ ರನ್‌ವೇಗೆ ಅಂಟಿದ್ದು ಮೂರೂವರೆ ಡಿಗ್ರಿಗೆ. ಹಾದಿಯಲ್ಲಿ ಸರಿಯಾಗಿ ಬರುವವನಿಗೆ ಹೊರಗಿನ ಎರಡು ಬಿಳಿ, ಒಳಗಿನ ಎರಡು ಕೆಂಪು. ತುಸು ತಗ್ಗಿದರೆ ಮೂರು ಕೆಂಪು, ಇನ್ನೂ ತಗ್ಗಿದರೆ ನಾಲ್ಕೂ ಕೆಂಪು. ಏರಿದರೆ ಬಿಳಿಗಳು ಅದೇ ಕ್ರಮದಲ್ಲಿ ಹೆಚ್ಚುತ್ತವೆ. ತಪ್ಪಿದ್ದು ಎಷ್ಟೆಂಬುದು ಹೀಗೆ ಎಣಿಕೆಗೆ ಸಿಕ್ಕಿತು. ಕಡಿದಾಗಿ ಇಳಿಯುತ್ತಿದ್ದ ಅಮೆರಿಕದ ಬಾಹ್ಯಾಕಾಶ ಷಟಲ್ ನೌಕೆಗೂ ಅದರ ಕೋನಕ್ಕೆ ತಕ್ಕಂತೆ ಹೊಂದಿಸಿದ ಇದೇ ದೀಪಗಳನ್ನು ಇಡಲಾಗಿತ್ತು. ಈ ಸೂಕ್ಷ್ಮ ಸಾಧನಕ್ಕೆ ದೊಡ್ಡ ಶತ್ರುವೆಂದರೆ ಇಬ್ಬನಿ. ಮಸೂರದ ಮೇಲೆ ತೇವ ಕೂತರೆ ಎರಡು ಬಣ್ಣಗಳೂ ಚದುರಿ ಬೆರೆತು, ತಗ್ಗಿದವನಿಗೂ ಬಿಳಿಯೆಂದೇ ತೋರುವ ಅಪಾಯವಿರುವುದರಿಂದ, ದೀಪಗಳನ್ನು ಬಳಕೆಗೆ ಮುಂಚೆಯೇ ಹೊತ್ತಿಸಿ ಬಿಸಿಯಾಗಿಡಬೇಕಾಗುತ್ತದೆ.

ಹಾದಿ ಕಂಡಷ್ಟಕ್ಕೆ ವಿಮಾನ ಅದರ ಮೇಲೆ ಉಳಿಯುವುದಿಲ್ಲ ಎಂಬುದಕ್ಕೆ ಕರ್ನಾಟಕ ಎರಡು ಬಾರಿ ಭಾರೀ ಬೆಲೆ ತೆತ್ತಿತು. 1990ರ ಫೆಬ್ರುವರಿ 14ರ ಮಧ್ಯಾಹ್ನ, ಆಕಾಶ ತಿಳಿಯಾಗಿದ್ದು ರನ್‌ವೇ ಕಣ್ಣೆದುರಿಗೇ ಇದ್ದಾಗ, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ 320 ವಿಮಾನ ರನ್‌ವೇಗೆ ಮುಂಚಿನ ಗಾಲ್ಫ್ ಮೈದಾನಕ್ಕೆ ಬಡಿದು 92 ಜನ ಸತ್ತರು. ಎಂಜಿನ್ನುಗಳು ಕನಿಷ್ಠ ಬಲದಲ್ಲಿದ್ದು, ವೇಗವೂ ಎತ್ತರವೂ ಜೊತೆಜೊತೆಗೇ ಕುಸಿಯುತ್ತಿದ್ದುದು ಕೊನೆಯ ಕ್ಷಣಗಳವರೆಗೆ ಗಮನಕ್ಕೆ ಬರಲಿಲ್ಲವೆಂಬುದು ತನಿಖೆಯಿಂದ ತಿಳಿಯಿತು. 2010ರ ಮೇ 22ರ ಬೆಳಗಿನ ಜಾವ ಮಂಗಳೂರಿನಲ್ಲಿ ನಡೆದದ್ದು ಇದರ ವಿರುದ್ಧ ದಿಕ್ಕಿನ ತಪ್ಪು: ಇರಬೇಕಾದ ಎತ್ತರಕ್ಕಿಂತ ಬಹಳ ಮೇಲೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಸಹಪೈಲಟ್ ಮತ್ತೆ ಮೇಲೇರುವಂತೆ ಹೇಳಿದ್ದರೂ ಇಳಿಯುವುದನ್ನೇ ಮುಂದುವರಿಸಿ, 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರನ್ನು ಹಿಂದೆ ಬಿಟ್ಟ ಮೇಲೆ ನೆಲಮುಟ್ಟಿ, ನಿಲ್ಲಲಾರದೆ ಕಣಿವೆಗೆ ಬಿತ್ತು, ಎಂಟು ಮಂದಿ ಬದುಕುಳಿದು 158 ಜನ ಅಸುನೀಗಿದರು. ನಿರ್ದಿಷ್ಟ ಎತ್ತರಕ್ಕೆ ಬರುವಷ್ಟರಲ್ಲಿ ಹಾದಿ, ವೇಗ, ಎಂಜಿನ್ನಿನ ಬಲ ಮೂರೂ ನೆಲೆಗೊಂಡಿರಬೇಕು, ಇಲ್ಲವಾದರೆ ಇಳಿಯದೆ ಮೇಲೇರಬೇಕು ಎಂಬ ಇಂದಿನ ನಿಯಮ ಇಂಥ ಸಾವುಗಳ ಲೆಕ್ಕದಿಂದ ಬಂದದ್ದು.

ನಾಲ್ಕು ದೀಪಗಳ ಕೆಲಸ ನೆಲದವರೆಗೂ ನಡೆಯುವುದಿಲ್ಲ. ಕೊನೆಯ ಅರವತ್ತು ಎಪ್ಪತ್ತು ಮೀಟರು ಎತ್ತರದಿಂದ ಕೆಳಗೆ ಅವುಗಳ ನಡುವಿನ ಕೋನಗಳು ಎತ್ತರದ ಲೆಕ್ಕದಲ್ಲಿ ಬಹಳ ಕಿರಿದಾಗಿ, ವಿಮಾನದ ಚಿಕ್ಕ ಅಲುಗಾಟಕ್ಕೂ ಬಣ್ಣಗಳು ಬದಲಾಗತೊಡಗುತ್ತವೆ. ಹೊಸ್ತಿಲು ದಾಟುವ ಹೊತ್ತಿಗೆ ಅವು ಎಡಕ್ಕೆ ಸರಿದು ನೋಟದಿಂದಲೇ ಹೊರಹೋಗುತ್ತವೆ. ಅಲ್ಲಿಂದ ಮುಂದೆ ಯಂತ್ರದ ಧ್ವನಿಯೊಂದು ಉಳಿದ ಅಡಿಗಳನ್ನು ಐವತ್ತು, ನಲವತ್ತು, ಮೂವತ್ತು ಎಂದು ಎಣಿಸುತ್ತಿರುವಾಗ, ಪೈಲಟ್ ತಾನು ಅಷ್ಟು ಹೊತ್ತು ಕಾಯ್ದ ಗುರಿಬಿಂದುವನ್ನು ಬಿಟ್ಟು ಕಣ್ಣನ್ನು ರನ್‌ವೇಯ ದೂರದ ತುದಿಗೆ ಎತ್ತುತ್ತಾನೆ. ಎರಡೂ ಬದಿಗಳಲ್ಲಿ ಡಾಂಬರಿನ ಕಲೆಗಳೂ ಅಂಚಿನ ಹುಲ್ಲೂ ಗೆರೆಗಳಾಗಿ ಹರಿಯತೊಡಗಿದ ಕ್ಷಣ ಮೂತಿಯನ್ನು ಎರಡು ಮೂರು ಡಿಗ್ರಿ ಮೇಲೆತ್ತಿ, ಚಕ್ರ ನೆಲಕ್ಕೆ ತಾಗುವುದನ್ನು ಕಾಯುತ್ತಾನೆ.